ನ್ಯಾನೋ ವೈದ್ಯಕೀಯದ ಸಂಶೋಧಕರು ನಿಜವಾಗಿ ಮಾಡುವ ಕೆಲಸವೇನು? ಕಲಬುರಗಿಯಿಂದ ಒಂದು ಪ್ರಶ್ನೆ

ಚಿಂಚೋಳಿಯ ವಿದ್ಯಾರ್ಥಿನಿ:

ಎಲ್ಲ ಹಿರಿಯರಿಗೂ ನಮಸ್ಕಾರಗಳು. ನಾನು ಕಲಬುರಗಿಯಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಮೂರನೆಯ ಸೆಮಿಸ್ಟರಿನಲ್ಲಿ ಓದುತ್ತಿದ್ದೇನೆ. ಊರು ಚಿಂಚೋಳಿ ತಾಲೂಕಿನದು. ಮನೆಯಲ್ಲಿ ತೊಗರಿ ಬೆಳೆಯುತ್ತೇವೆ. ಮುಂದಿನ ಸೆಮಿಸ್ಟರಿನ ಪ್ರಾಜೆಕ್ಟಿಗೆ ಈಗಲೇ ವಿಷಯ ಆರಿಸಿಕೊಳ್ಳಬೇಕಾಗಿದೆ. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ “ನ್ಯಾನೋಕಣಗಳು” ಎಂಬ ಪದವಿರುವ ಶೀರ್ಷಿಕೆಯನ್ನೇ ಬರೆದುಕೊಟ್ಟಿದ್ದಾರೆ, ನಾನೂ ಬರೆದುಕೊಡುವವಳೇ ಇದ್ದೆ. ಆದರೆ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ದೊಡ್ಡಮ್ಮ “ಇದನ್ನ ಓದಿದರ ಏನಾಗ್ತದವ್ವಾ, ಮಾಸ್ತರಕಿಯೋ ಡಾಕ್ಟರಕಿಯೋ?” ಎಂದು ಕೇಳಿದರು, ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪನಿಗೆ ನ್ಯಾನೋ ಎಂದರೆ ಸೊಸೈಟಿಯಲ್ಲಿ ಯೂರಿಯಾ ಚೀಲದ ಜೊತೆಗೆ ಕೊಡುವ ಅರ್ಧ ಲೀಟರಿನ ಬಾಟಲಿ.

ನನ್ನ ಪ್ರಶ್ನೆ ಇಷ್ಟೇ. ಜೀವವೈದ್ಯಕೀಯ ಮತ್ತು ನ್ಯಾನೋ ತಂತ್ರಜ್ಞಾನ ಎರಡೂ ಸೇರುವ ಕಡೆ ಕೆಲಸ ಮಾಡುವ ವಿಜ್ಞಾನಿಗಳು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾರೆ, ಅಲ್ಲಿಗೆ ಹೇಗೆ ಬಂದು ತಲುಪಿದರು, ಮತ್ತು ನಮ್ಮಂಥವರು ಇಲ್ಲಿಂದ ಹೊರಡುವುದಾದರೆ ದಾರಿ ಯಾವುದು? ಈ ಕ್ಷೇತ್ರದಲ್ಲಿ ಇರುವವರು, ಇದ್ದು ಬಿಟ್ಟುಬಂದವರು, ಇಬ್ಬರೂ ಬರೆದರೆ ಉಪಕಾರವಾಗುತ್ತದೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ:

ತಂಗಿ, ಮೊದಲು ಪದವನ್ನು ಅದರ ಜಾಗದಲ್ಲಿ ಇಟ್ಟುಬಿಡೋಣ. ಒಂದು ಮೀಟರಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್, ಕೆಂಪು ರಕ್ತಕಣದ ಅಗಲ ಸುಮಾರು 7,000. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರಿನ ನಡುವಿನ ವಸ್ತುಗಳನ್ನು ಈ ಹೆಸರಿನಿಂದ ಕರೆಯುತ್ತಾರೆ. ಚಿಕ್ಕದು ಎಂಬುದಷ್ಟೇ ಇದರ ಹೆಚ್ಚುಗಾರಿಕೆಯಾಗಿದ್ದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಆ ಗಾತ್ರಕ್ಕೆ ಇಳಿದಾಗ ವಸ್ತುವಿನ ನಡವಳಿಕೆಯೇ ಬದಲಾಗುತ್ತದೆ. ನಾನು ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷ ಒಂದು ಪ್ರಯೋಗವನ್ನು ತಪ್ಪದೆ ತೋರಿಸುತ್ತಿದ್ದೆ. ಚಿನ್ನದ ಲವಣವನ್ನು ನೀರಿನಲ್ಲಿ ಕರಗಿಸಿ ಕುದಿಸುವುದು, ಕುದಿಯುವಾಗ ಸೋಡಿಯಂ ಸಿಟ್ರೇಟ್ ದ್ರಾವಣವನ್ನು ಸುರಿಯುವುದು. ತಿಳಿಹಳದಿ ಬಣ್ಣ ಮೊದಲು ಮಾಯವಾಗುತ್ತದೆ, ಆಮೇಲೆ ಶಾಯಿ ಬಿದ್ದಂತೆ ನೀಲಿಗಪ್ಪಾಗುತ್ತದೆ. “ಸರ್, ಕೆಟ್ಟಿತು” ಎಂದು ಹಿಂದಿನ ಬೆಂಚಿನವರು ಹೇಳುವ ಹೊತ್ತಿಗೆ ಸರಿಯಾಗಿ ದಾಳಿಂಬೆ ರಸದ ಕೆಂಪಿಗೆ ತಿರುಗುತ್ತದೆ. ಟರ್ಕೆವಿಚ್ ಎಂಬ ರಸಾಯನ ವಿಜ್ಞಾನಿ 1951ರಲ್ಲಿ ಪ್ರಕಟಿಸಿದ ವಿಧಾನವಿದು. ಚಿನ್ನದ ಇಂಥ ಕೆಂಪು ದ್ರಾವಣವನ್ನು ಮೈಕೇಲ್ ಫ್ಯಾರಡೆ 1857ರಲ್ಲಿಯೇ ಅಧ್ಯಯನ ಮಾಡಿದ್ದನು. ಔಷಧಿ ಅಂಗಡಿಯಲ್ಲಿ ಸಿಗುವ ಗರ್ಭಪರೀಕ್ಷೆಯ ಪಟ್ಟಿ, ಕೋವಿಡ್ ಕಾಲದ ಆಂಟಿಜೆನ್ ಪಟ್ಟಿ, ಇವುಗಳಲ್ಲಿ ಹೆಚ್ಚಿನವುಗಳ ಮೇಲೆ ಮೂಡುವ ಕೆಂಪು ಗೆರೆ ಇದೇ ಚಿನ್ನದ ಕಣಗಳದು.

ಈ ಕ್ಷೇತ್ರಕ್ಕೆ ಬಂದವರಲ್ಲಿ “ನ್ಯಾನೋ” ಎಂದು ಹುಡುಕಿಕೊಂಡು ಬಂದವರಿಗಿಂತ ಬೇರೆಲ್ಲಿಂದಲೋ ನಡೆದು ಬಂದವರೇ ಹೆಚ್ಚು. ಬೆಂಗಳೂರಿನಲ್ಲಿ ಹುಟ್ಟಿ ಮೈಸೂರು ವಿಶ್ವವಿದ್ಯಾಲಯದಿಂದ 1951ರಲ್ಲಿ ಪದವಿ ಪಡೆದ ಸಿ.ಎನ್.ಆರ್. ರಾವ್ ಅವರು ಮೂಲತಃ ಘನವಸ್ತುಗಳ ರಸಾಯನಶಾಸ್ತ್ರದವರು. ಇಂಗಾಲದ ನ್ಯಾನೋನಳಿಕೆ, ಇಂಗಾಲದ ಅತಿ ತೆಳುವಾದ ಹಾಳೆಯಾದ ಗ್ರಾಫೀನ್ ಮೊದಲಾದವುಗಳ ಕೆಲಸ ಆ ಬೇರಿನಿಂದಲೇ ಚಿಗುರಿತು. ಅವರ ಮಾರ್ಗದರ್ಶನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿದ ಟಿ. ಪ್ರದೀಪ್ ಅವರು ಮದ್ರಾಸಿನ ಐಐಟಿಯಲ್ಲಿ ಕುಡಿಯುವ ನೀರಿನಿಂದ ಕೀಟನಾಶಕವನ್ನು ತೆಗೆಯಲು ಬೆಳ್ಳಿಯ ನ್ಯಾನೋಕಣಗಳನ್ನು ಬಳಸಿದರು. ನವಕಾಂತ ಭಟ್ ಅವರದು ಇನ್ನೊಂದು ದಾರಿ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಸ್ಟ್ಯಾನ್‌ಫರ್ಡಿನಲ್ಲಿ ಟ್ರಾನ್ಸಿಸ್ಟರುಗಳ ಮೇಲೆ ಸಂಶೋಧನೆ ಮಾಡಿದವರು, ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಸಕ್ಕರೆ ಕಾಯಿಲೆಯವರ ಒಂದು ಹನಿ ರಕ್ತದಿಂದ ಹಲವು ಅಂಶಗಳನ್ನು ಅಳೆಯುವ ಕೈಯಳತೆಯ ಸಾಧನದ ಕಡೆಗೆ ಹೊರಳಿದರು. ಅಲ್ಲಿಯೇ ಭೌತವಿಜ್ಞಾನಿ ಅಂಬರೀಷ್ ಘೋಷ್ ಅವರು ಕಾಂತಕ್ಷೇತ್ರದಲ್ಲಿ ಸ್ಕ್ರೂ ಮೊಳೆಯಂತೆ ತಿರುಗುತ್ತ ಮುಂದೆ ಸಾಗುವ ಸೂಕ್ಷ್ಮ ಸುರುಳಿಗಳನ್ನು ಮಾಡಿ ಹಲ್ಲಿನ ನಳಿಕೆಗಳೊಳಗೆ ಓಡಿಸಿದ್ದಾರೆ.

ಆದ್ದರಿಂದ ನಿನ್ನ ಎಂ.ಎಸ್ಸಿ. ಜೀವರಸಾಯನಶಾಸ್ತ್ರದಲ್ಲಿದೆ ಎಂಬುದು ಕೊರತೆಯಲ್ಲ. ಕಿಣ್ವ ಎಂದರೇನು, ಪೊರೆ ಎಂದರೇನು ಎಂಬುದು ಚೆನ್ನಾಗಿ ಗೊತ್ತಿದ್ದವರು ಈ ಕಡೆ ಕಡಿಮೆಯೇ ಇದ್ದಾರೆ.

ಬೀದರಿನವಳು, ಈಗ ಹೊರದೇಶದಲ್ಲಿ:

ಉಪನ್ಯಾಸಕರು ಬರೆದದ್ದನ್ನು ಓದಿ ಕೆಂಪು ಬಣ್ಣ ಕಣ್ಣಮುಂದೆ ಬಂತು. ನಾನು ಅದರ ಇನ್ನೊಂದು ಮುಖವನ್ನು ಹೇಳಬೇಕಾಗಿದೆ, ಸ್ವಲ್ಪ ಕಟುವಾಗಿ ಕಂಡರೆ ಕ್ಷಮಿಸಬೇಕು.

ನಾನು ಪಿಎಚ್.ಡಿ. ಪ್ರಾರಂಭಿಸಿದ ಪ್ರಯೋಗಾಲಯದಲ್ಲಿ (ಹೆಸರು ಬೇಡ) ಎಲ್ಲರೂ ಮಾಡುತ್ತಿದ್ದದ್ದು ಒಂದೇ ಕೆಲಸ. ಒಂದು ಗಿಡದ ಎಲೆ ತರುವುದು, ತೊಳೆದು ಕುದಿಸಿ ಸೋಸುವುದು, ಆ ಕಷಾಯವನ್ನು ಸಿಲ್ವರ್ ನೈಟ್ರೇಟಿಗೆ ಹಾಕುವುದು. ಒಂದೆರಡು ಗಂಟೆಯಲ್ಲಿ ದ್ರಾವಣ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೆಳಕು ಹೀರುವ ಗೆರೆ 420 ನ್ಯಾನೋಮೀಟರಿನ ಆಸುಪಾಸಿನಲ್ಲಿ ಏಳುತ್ತದೆ, ಬೆಳ್ಳಿಯ ಕಣಗಳಾಗಿವೆ ಎಂಬುದಕ್ಕೆ ಅದೇ ಗುರುತು. ಅದನ್ನು ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ಹಾಕಿದರೆ ಸುತ್ತ ಬೋಳು ವೃತ್ತ ಮೂಡುತ್ತದೆ. ಸ್ಕೇಲ್ ಇಟ್ಟು ಮಿಲಿಮೀಟರಿನಲ್ಲಿ ಅಳೆದು ಬರೆದರೆ ಒಂದು ಪ್ರಬಂಧ. ನನ್ನ ಮೊದಲ ವರ್ಷ ತುಳಸಿ, ಎರಡನೆಯ ವರ್ಷ ಹೊಂಗೆ. ಎರಡನೆಯ ವರ್ಷದ ಪರಿಶೀಲನೆಗೆ ಹೊರಗಿನಿಂದ ಬಂದ ಪ್ರಾಧ್ಯಾಪಕರೊಬ್ಬರು ನನ್ನ ಚಿತ್ರಗಳನ್ನೆಲ್ಲ ಸಮಾಧಾನದಿಂದ ನೋಡಿ, “ಬರಿಯ ಸಿಲ್ವರ್ ನೈಟ್ರೇಟ್ ಹಾಕಿದ್ದರೂ ಈ ಬ್ಯಾಕ್ಟೀರಿಯಾ ಸಾಯುತ್ತಿರಲಿಲ್ಲವೇ? ಬರಿಯ ಕಷಾಯ ಹಾಕಿ ನೋಡಿದಿರಾ?” ಎಂದು ಕೇಳಿದರು. ನೋಡಿರಲಿಲ್ಲ. ಹೋಲಿಸಿ ನೋಡಲು ಇನ್ನೊಂದು ತಟ್ಟೆಯನ್ನು ಇಡಬೇಕೆಂಬುದು ಎರಡು ವರ್ಷ ನಮ್ಮಲ್ಲಿ ಯಾರಿಗೂ ತೋಚಿರಲಿಲ್ಲ. ಆ ಕೆಲಸವನ್ನು ಅಲ್ಲಿಗೇ ಬಿಟ್ಟು ಬೇರೆಡೆ ಹೊಸದಾಗಿ ಸೇರಿಕೊಂಡೆ. ವಯಸ್ಸು ಮಾತ್ರ ಹಿಂದಕ್ಕೆ ಬರಲಿಲ್ಲ.

ಎಲೆಯಿಂದ ಕಣ ಮಾಡುವುದೇ ತಪ್ಪೆಂದು ಇದರ ಅರ್ಥವಲ್ಲ. ವಿಧಾನ ಸಿಕ್ಕಿತೆಂದು ಪ್ರಶ್ನೆಯನ್ನು ಆಮೇಲೆ ಹುಡುಕುವುದಿದೆಯಲ್ಲ, ಅದು ತಪ್ಪು. ದೊಡ್ಡ ಕೆಲಸ ಮಾಡಿದವರ ವೃತ್ತಿಜೀವನವನ್ನು ಹತ್ತಿರದಿಂದ ನೋಡಿದರೆ ಅವರ ಬೆನ್ನು ಬಿಡದ ಪ್ರಶ್ನೆಯೊಂದು ಕಾಣುತ್ತದೆ. ಹಂಗೇರಿಯ ಸಣ್ಣ ಊರಿನಲ್ಲಿ ಕಟುಕನ ಮಗಳಾಗಿ ಬೆಳೆದ ಕಾತಾಲಿನ್ ಕಾರಿಕೊ ಅವರಿಗೆ, ಪ್ರೋಟೀನ್ ಮಾಡುವ ಸೂಚನೆಯನ್ನು ಜೀವಕೋಶಕ್ಕೆ ಒಯ್ಯುವ ಎಂಆರ್‌ಎನ್‌ಎಯನ್ನು ಔಷಧವಾಗಿ ಕೊಡಬಹುದೇ ಎಂಬ ಒಂದೇ ಪ್ರಶ್ನೆ. 1985ರಲ್ಲಿ ಮಗಳ ಗೊಂಬೆಯೊಳಗೆ ಹಣ ಬಚ್ಚಿಟ್ಟುಕೊಂಡು ಅಮೆರಿಕಕ್ಕೆ ಹೋದರು. ಅನುದಾನ ಸಿಗದ ಕಾರಣ 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರ ಹುದ್ದೆಯನ್ನೇ ಕೆಳಕ್ಕಿಳಿಸಿತು. 1997ರ ಸುಮಾರಿಗೆ ಜೆರಾಕ್ಸ್ ಯಂತ್ರದ ಬಳಿ ಪರಿಚಯವಾದ ಡ್ರೂ ವೈಸ್‌ಮನ್ ಅವರೊಡನೆ ಕೆಲಸ ಮಾಡಿ, ಆರ್‌ಎನ್‌ಎಯ ಒಂದು ಘಟಕವನ್ನು ಕೊಂಚ ಬದಲಿಸಿದರೆ ದೇಹ ಅದರ ಮೇಲೆ ಹರಿಹಾಯುವುದಿಲ್ಲ ಎಂದು 2005ರಲ್ಲಿ ತೋರಿಸಿದರು. ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ನೊಬೆಲ್ ಬಂದದ್ದು 2023ರಲ್ಲಿ. ಕೋವಿಡ್ ಲಸಿಕೆಗಳಲ್ಲಿ ಆ ಆರ್‌ಎನ್‌ಎಯನ್ನು ಜೀವಕೋಶದೊಳಗೆ ಒಯ್ದದ್ದು ಕೊಬ್ಬಿನ ನ್ಯಾನೋಕಣ. ಅದರ ಹಿಂದೆ ಕೆನಡಾದ ಪೀಟರ್ ಕಲ್ಲಿಸ್ ಮತ್ತಿತರರ ಹಲವು ದಶಕಗಳ ಕೆಲಸವಿದೆ.

ರಾಬರ್ಟ್ ಲ್ಯಾಂಗರ್ ಅವರದೂ ಹಾಗೆಯೇ. 1974ರಲ್ಲಿ ರಾಸಾಯನಿಕ ಇಂಜಿನಿಯರಿಂಗ್ ಮುಗಿಸಿದಾಗ ತೈಲ ಕಂಪನಿಗಳು ಕೈಬೀಸಿ ಕರೆಯುತ್ತಿದ್ದವು. ಅವರು ಹೋದದ್ದು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಅವರ ಪ್ರಯೋಗಾಲಯಕ್ಕೆ. ಪ್ರೋಟೀನಿನಂಥ ದೊಡ್ಡ ಅಣು ಪ್ಲಾಸ್ಟಿಕ್ಕಿನಂಥ ಪಾಲಿಮರಿನೊಳಗಿನಿಂದ ನಿಧಾನವಾಗಿ ಸೋರಿ ಬರಬಲ್ಲದು ಎಂದು 1976ರಲ್ಲಿ ಇಬ್ಬರೂ ಪ್ರಕಟಿಸಿದರು. ಸಾಧ್ಯವೇ ಇಲ್ಲ ಎಂದು ಹಲವರು ಹೇಳಿದರು. ಲ್ಯಾಂಗರ್ ಅವರ ಮೊದಲ ಒಂಬತ್ತು ಅನುದಾನದ ಅರ್ಜಿಗಳು ತಿರಸ್ಕೃತವಾದವು. ಪ್ರಾಜೆಕ್ಟಿಗೆ ಶೀರ್ಷಿಕೆ ಬರೆಯುವ ಮೊದಲು ಇಂಥ ಇಬ್ಬರ ಕತೆಯನ್ನಾದರೂ ಪೂರ್ತಿ ಓದಿ, ತಂಗಿ.

ಕಲಬುರಗಿಯ ವೈದ್ಯ:

ಚರ್ಚೆ ಬಹಳ ದೂರ ಹೋಗುವ ಮೊದಲು ವಾರ್ಡಿನ ಕಡೆಯಿಂದ ಒಂದು ಮಾತು ಹೇಳುತ್ತೇನೆ. ನ್ಯಾನೋ ಔಷಧಗಳು ನಾಳೆ ಬರುವಂಥವು ಎಂದು ಅನೇಕರು ತಿಳಿದಿದ್ದಾರೆ. ನಾವು ಅವುಗಳನ್ನು ಎಷ್ಟೋ ವರ್ಷಗಳಿಂದ ಕೊಡುತ್ತಿದ್ದೇವೆ.

ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದವರ ಮನೆಯವರಿಗೆ “ಕೆಂಪು ಔಷಧ” ಎಂದರೆ ಗೊತ್ತು. ಅದು ಡಾಕ್ಸೊರುಬಿಸಿನ್. ಕೆಲಸ ಮಾಡುತ್ತದೆ, ಆದರೆ ಒಟ್ಟು ಪ್ರಮಾಣ ಒಂದು ಮಿತಿ ದಾಟಿದರೆ ಹೃದಯದ ಸ್ನಾಯುವನ್ನು ಕೆಡಿಸುತ್ತದೆ. ಅದನ್ನೇ ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಗುಳ್ಳೆಯೊಳಗೆ, ಅಂದರೆ ಲೈಪೋಸೋಮಿನೊಳಗೆ ತುಂಬಿದರೆ ಹೃದಯಕ್ಕೆ ತಗಲುವ ಪೆಟ್ಟು ಕಡಿಮೆಯಾಗುತ್ತದೆ. ಡಾಕ್ಸಿಲ್ ಎಂಬ ಹೆಸರಿನಲ್ಲಿ 1995ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ದೊರೆಯಿತು. ಸಾದಾ ಔಷಧ ಗಾಜಿನಂತೆ ತಿಳಿಯಾದ ಕೆಂಪು. ಲೈಪೋಸೋಮಿನದು ಸ್ವಲ್ಪ ಮಬ್ಬು. ಬೆಳಕಿಗೆ ಹಿಡಿದರೆ ನಮ್ಮ ನರ್ಸುಗಳು ಚೀಟಿ ಓದದೆ ಹೇಳಬಲ್ಲರು.

ಇನ್ನೊಂದು ಉದಾಹರಣೆಯನ್ನು ಈ ಜಿಲ್ಲೆಯವರು ಮರೆತಿರಲಿಕ್ಕಿಲ್ಲ. 2021ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಕೋವಿಡ್ ಗುಣವಾದವರಿಗೆ ಕಪ್ಪು ಶಿಲೀಂಧ್ರ ತಗಲಿದಾಗ ಬೇಕಾದದ್ದು ಆಂಫೋಟೆರಿಸಿನ್. ಅದರ ಹಳೆಯ ರೂಪ ಕೊಟ್ಟರೆ ಚಳಿಜ್ವರದಿಂದ ರೋಗಿ ನಡುಗುತ್ತಾನೆ, ಮೂತ್ರಪಿಂಡ ಸೊರಗುತ್ತದೆ. ಲೈಪೋಸೋಮಿನ ರೂಪದಲ್ಲಿ ಆ ತೊಂದರೆ ಬಹಳ ಕಡಿಮೆ. ಆದರೆ ಲೆಕ್ಕ ನೋಡಿ: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 300 ಮಿಲಿಗ್ರಾಂ, ಒಂದು ವಯಲಿನಲ್ಲಿ ಇರುವುದು 50. ದಿನಕ್ಕೆ ಆರು ವಯಲು, ಅದೂ ವಾರಗಟ್ಟಲೆ. “ಲೈಪೋಸೋಮಲ್” ಎಂಬ ಪದವನ್ನು ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದ ಜೇವರ್ಗಿಯ ರೈತರೊಬ್ಬರ ಬಾಯಲ್ಲಿ ಕೇಳಿದಾಗ ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ.

ಪ್ರಶ್ನೆಗೆ ಮರಳುತ್ತೇನೆ. ಈ ಕ್ಷೇತ್ರದಲ್ಲಿ ವೈದ್ಯರೂ ಬೇಕು, ವಿಜ್ಞಾನಿಗಳೂ ಬೇಕು, ಎರಡೂ ಆದವರು ಅಪರೂಪ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಗೀತಾ ಭಾಟಿಯಾ ಅವರು ಭಾರತದಿಂದ ಹೋಗಿ ನೆಲೆಸಿದ ದಂಪತಿಗಳ ಮಗಳು. ವೈದ್ಯಕೀಯ ಪದವಿ ಮತ್ತು ಇಂಜಿನಿಯರಿಂಗ್ ಡಾಕ್ಟರೇಟ್ ಎರಡನ್ನೂ ಪಡೆದವರು. ಕ್ಯಾನ್ಸರ್ ಗಡ್ಡೆಯ ಬಳಿಯಿರುವ ಕಿಣ್ವಗಳು ಮೈಮೇಲಿನ ಎಳೆಯನ್ನು ಕತ್ತರಿಸಿದಾಗ ಒಂದು ಗುರುತನ್ನು ಮೂತ್ರಕ್ಕೆ ಬಿಡುವ ನ್ಯಾನೋಕಣಗಳನ್ನು ಅವರು ರೂಪಿಸಿದ್ದಾರೆ. ಇದರಲ್ಲಿ ಕಿಣ್ವದ ಪಾಲು ಎಷ್ಟು, ನ್ಯಾನೋದ ಪಾಲು ಎಷ್ಟು ಎಂದು ಈ ವಿದ್ಯಾರ್ಥಿನಿ ಯೋಚಿಸಿ ನೋಡಲಿ.

2020ರ ಮಾರ್ಚ್ ತಿಂಗಳನ್ನೂ ನೆನಪಿಸುತ್ತೇನೆ. ಕೋವಿಡ್‌ನಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ನಮ್ಮ ಊರಿನ 76 ವರ್ಷದ ಹಿರಿಯರದು. ಅವರು ತೀರಿಕೊಂಡದ್ದು 10ರಂದು, ರೋಗ ಖಚಿತವೆಂದು ಪ್ರಕಟವಾದದ್ದು 12ರಂದು. ರೋಗ ಪತ್ತೆಯ ಸಾಧನಗಳ ಮೇಲೆ ಕೆಲಸ ಮಾಡುವವರು ಔಷಧ ಮಾಡುವವರಿಗಿಂತ ಕಡಿಮೆಯೆಂದು ನಾನು ಅಂದಿನಿಂದ ಎಣಿಸಿಲ್ಲ.

ಹುಮನಾಬಾದಿನವನು, ಹೈದರಾಬಾದಿನ ಔಷಧ ಕಂಪನಿಯಲ್ಲಿ:

ಎಲ್ಲರೂ ವಿಶ್ವವಿದ್ಯಾಲಯಗಳ ಬಗ್ಗೆ ಬರೆಯುತ್ತಿದ್ದಾರೆ, ಕಾರ್ಖಾನೆಯ ಕಡೆ ಯಾರೂ ಹೊರಳಿಲ್ಲ. ಔಷಧವನ್ನು ರೋಗಿಗೆ ಕೊಡಬಹುದಾದ ರೂಪಕ್ಕೆ ತರುವ ಫಾರ್ಮುಲೇಷನ್ ವಿಭಾಗದಲ್ಲಿ ನಾನು ಒಂಬತ್ತು ವರ್ಷಗಳಿಂದ ಇದ್ದೇನೆ, ಪಿಎಚ್.ಡಿ. ಇಲ್ಲ.

ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾರೆ ಎಂದು ಕೇಳಿದ್ದೀರಿ. ನನ್ನ ದಿನವನ್ನು ಹೇಳುತ್ತೇನೆ. ಕೊಬ್ಬಿನ ನ್ಯಾನೋಕಣಕ್ಕೆ ನಾಲ್ಕು ಪದಾರ್ಥ ಬೇಕು. ಮೊದಲನೆಯದು ವಿದ್ಯುದಂಶ ಪಡೆಯಬಲ್ಲ ಲಿಪಿಡ್, ಅಂದರೆ ಕೊಬ್ಬಿನ ಅಣು. ರಕ್ತದಲ್ಲಿ ಸುಮ್ಮನಿದ್ದು, ಜೀವಕೋಶದ ಒಳಗಿನ ಹುಳಿ ಚೀಲಕ್ಕೆ ಬಂದ ಕೂಡಲೇ ಧನಾಂಶ ಪಡೆದು ಚೀಲವನ್ನು ಒಡೆದು ಹೊರಬರುವುದು ಇದರ ಜಾಣ್ಮೆ. ಉಳಿದವು ಕೊಲೆಸ್ಟ್ರಾಲ್, ಫಾಸ್ಫೋಲಿಪಿಡ್, ಮತ್ತು ಕಣಗಳು ಒಂದಕ್ಕೊಂದು ಅಂಟದಂತೆ ಕಾಯುವ, ಪೆಗ್ ಎಂಬ ಪಾಲಿಮರ್ ಹಚ್ಚಿದ ಲಿಪಿಡ್. ಇವು ಆಲ್ಕೋಹಾಲಿನಲ್ಲಿ ಒಂದು ಕಡೆಯಿಂದ, ಆರ್‌ಎನ್‌ಎ ಹುಳಿ ನೀರಿನಲ್ಲಿ ಇನ್ನೊಂದು ಕಡೆಯಿಂದ, ಕೂದಲೆಳೆಯಂಥ ಕಾಲುವೆಗಳಲ್ಲಿ ಹರಿದು ಬಂದು ಕೂಡಿದಾಗ ಕಣಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಮಾಡುವುದು ಸುಲಭ. ಇಂದು ಮಾಡಿದ್ದು ನಾಳೆ, ನಾಡಿದ್ದು, ಆರು ತಿಂಗಳ ಮೇಲೆಯೂ ಅದೇ ಗಾತ್ರದಲ್ಲಿ ಇರಬೇಕು, ನಮ್ಮ ನಿದ್ದೆಗೆಡಿಸುವುದು ಅದು. ಕಣಗಳು ಸ್ವಲ್ಪ ಗುಂಪುಗೂಡಿದರೂ ಕೊನೆಯಲ್ಲಿ ಕ್ರಿಮಿ ಸೋಸುವ 0.22 ಮೈಕ್ರಾನಿನ ಫಿಲ್ಟರು ಕಟ್ಟಿಕೊಳ್ಳುತ್ತದೆ. ಒಮ್ಮೆ ರಾತ್ರಿ ಎರಡು ಗಂಟೆಗೆ ಫಿಲ್ಟರಿನ ಒತ್ತಡದ ಮುಳ್ಳು ಏರುತ್ತಲೇ ಇತ್ತು, ಇಡೀ ಬ್ಯಾಚು ಚೆಲ್ಲಿದೆವು. ಬೆರಕೆಯ ವೇಗವನ್ನು ಯಾರೋ ಅಂದಾಜಿನಲ್ಲಿ ಇಟ್ಟಿದ್ದರು.

ಈ ಬಗೆಯ ಕಣದಲ್ಲಿ ಆರ್‌ಎನ್‌ಎ ತುಂಬಿದ ಔಷಧಕ್ಕೆ ಮೊದಲು ಒಪ್ಪಿಗೆ ದೊರೆತದ್ದು 2018ರಲ್ಲಿ, ಪ್ಯಾಟಿಸಿರಾನ್ ಎಂಬುದಕ್ಕೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳು ಅದರ ಬೆನ್ನಿಗೇ ಬಂದವು. ಭಾರತದವರು ಇದರಲ್ಲಿ ಹಿಂದಿಲ್ಲ. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಕೊರತೆಯಾದಾಗ ಅಲ್ಲಿಯ ಔಷಧ ನಿಯಂತ್ರಕರು ನಮ್ಮ ದೇಶದ ಸನ್ ಫಾರ್ಮಾ ಕಂಪನಿಯ ಅದೇ ಬಗೆಯ ಔಷಧವಾದ ಲೈಪೋಡಾಕ್ಸ್ ತರಿಸಿಕೊಳ್ಳಲು ತಾತ್ಕಾಲಿಕ ಅನುಮತಿ ಕೊಟ್ಟರು, ಮರುವರ್ಷ ಅದೇ ಕಂಪನಿಯ ಜೆನೆರಿಕ್‌ಗೆ ಪೂರ್ಣ ಒಪ್ಪಿಗೆ ಸಿಕ್ಕಿತು.

ಕೆಲಸಗಳ ಬಗ್ಗೆ: ಕಣಗಾತ್ರ ಅಳೆಯುವ ವಿಶ್ಲೇಷಣಾ ವಿಭಾಗಕ್ಕೆ ಎಂ.ಎಸ್ಸಿ.ಯವರನ್ನು ತೆಗೆದುಕೊಳ್ಳುತ್ತಾರೆ, ಫಾರ್ಮುಲೇಷನ್ನಿಗೆ ಎಂ.ಫಾರ್ಮ್‌ನವರ ಪೈಪೋಟಿ ಜೋರಾಗಿದೆ. ನಿಯಂತ್ರಕ ಸಂಸ್ಥೆಗಳಿಗೆ ಕಡತ ಸಿದ್ಧಪಡಿಸುವವರು, ಕ್ಲಿನಿಕಲ್ ಪ್ರಯೋಗಗಳ ಉಸ್ತುವಾರಿಯವರು, ಪೇಟೆಂಟ್ ಏಜೆಂಟರು, ಇವರೆಲ್ಲ ಇದೇ ಕ್ಷೇತ್ರದವರು. ಪೇಟೆಂಟ್ ಏಜೆಂಟ್ ಪರೀಕ್ಷೆಗೆ ವಿಜ್ಞಾನ ಪದವಿ ಇದ್ದರೆ ಸಾಕು, ಕಾನೂನು ಪದವಿ ಬೇಕಿಲ್ಲ. ನಮ್ಮ ಕಡೆಯ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ.

ಆಳಂದದ ಪಾಲಕ:

ನನ್ನ ಮಗನೂ ಇದೇ ಮಾತು ಆಡುತ್ತಿದ್ದಾನೆ, ಆದ್ದರಿಂದ ಕೇಳುತ್ತೇನೆ. ಎಂ.ಎಸ್ಸಿ. ಮುಗಿಯುವಾಗ 23, ಪಿಎಚ್.ಡಿ. ಮುಗಿಯುವಾಗ 29, ಆಮೇಲೆ ಹೊರದೇಶದಲ್ಲಿ ಮೂರು ವರ್ಷ. ಅಷ್ಟರಲ್ಲಿ ಜೊತೆಗಾರರು ಬಿ.ಇಡಿ. ಮಾಡಿ ಹೈಸ್ಕೂಲಿನಲ್ಲಿ ಸೇರಿ ಮನೆ ಕಟ್ಟಿಸಿರುತ್ತಾರೆ. ಈ ವರ್ಷಗಳಲ್ಲಿ ಊಟಕ್ಕೇನು? ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಇದಕ್ಕೆ ಅನ್ವಯಿಸುತ್ತದೆಯೇ? ವಿಜ್ಞಾನಿಗಳ ಕತೆಗಳು ಚೆನ್ನಾಗಿವೆ, ನಮಗೆ ಲೆಕ್ಕವೂ ಬೇಕು.

ಕಡಗಂಚಿಯ ಸಂಶೋಧನಾ ವಿದ್ಯಾರ್ಥಿ:

ಸರ್, ಲೆಕ್ಕ ಹೀಗಿದೆ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆಯೂ ಉಂಟು. ಈ ದರ 2023ರ ಜನವರಿ 1ರಿಂದ ಜಾರಿಯಲ್ಲಿದೆ. ಜೀವವಿಜ್ಞಾನದವರಿಗೆ ಇದಲ್ಲದೆ ಜೈವಿಕ ತಂತ್ರಜ್ಞಾನ ಇಲಾಖೆಯ ಜೆಆರ್‌ಎಫ್ ಪರೀಕ್ಷೆಯಿದೆ, ಗೇಟ್ ಪರೀಕ್ಷೆಯೂ ಇದೆ. ಹಣ ತಿಂಗಳು ತಿಂಗಳು ಬರುತ್ತದೆಯೇ ಎಂದು ಕೇಳಬೇಡಿ. ಕೆಲವೊಮ್ಮೆ ನಾಲ್ಕು ತಿಂಗಳದ್ದು ಒಟ್ಟಿಗೆ ಬರುತ್ತದೆ, ಅಲ್ಲಿಯವರೆಗೆ ಮೆಸ್ಸಿನವರ ದಯೆ.

371(ಜೆ) ವಿಧಿಯ ಪ್ರಕಾರ ನಮ್ಮ ಭಾಗದ ರಾಜ್ಯ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ 70 ಪ್ರತಿಶತ, ರಾಜ್ಯದ ಉಳಿದ ಕಡೆ 8 ಪ್ರತಿಶತ ಸೀಟುಗಳ ಮೀಸಲಿದೆ, ರಾಜ್ಯ ಸರ್ಕಾರದ ಹುದ್ದೆಗಳಲ್ಲಿಯೂ ಇದೆ. ಹಾಗಾಗಿ ಡಾಕ್ಟರೇಟ್ ಮುಗಿಸಿ ಗುಲಬರ್ಗಾ ವಿಶ್ವವಿದ್ಯಾಲಯಕ್ಕೋ ಸರ್ಕಾರಿ ಕಾಲೇಜಿಗೋ ಅರ್ಜಿ ಹಾಕುವಾಗ ಸ್ಥಳೀಯರೆಂಬ ಆ ಪ್ರಮಾಣಪತ್ರ ಕೈಹಿಡಿಯುತ್ತದೆ. ಆದರೆ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇವೆಲ್ಲ ಕೇಂದ್ರದ ಸಂಸ್ಥೆಗಳು, ಅಲ್ಲಿ ಅದು ನಡೆಯದು. ನಮ್ಮ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನಲ್ಲಿಯೇ ಇದ್ದರೂ ಇಲ್ಲಿಯೂ ಅಷ್ಟೇ.

ಯಾದಗಿರಿಯ ಶಿಕ್ಷಕ:

ಬೀದರಿನ ಅಕ್ಕನವರ ಮಾತನ್ನು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಪ್ರಶ್ನೆ ಬೇಕು ಎಂದರು, ಅವರು ಕೊಟ್ಟ ಉದಾಹರಣೆಗಳೆಲ್ಲ ಬಾಸ್ಟನ್ನಿನವು, ಪೆನ್ಸಿಲ್ವೇನಿಯಾದವು. ನಮ್ಮ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಪತ್ತೆಯಾದ ಸುದ್ದಿ ಇಲ್ಲಿ ಎಷ್ಟು ಮಂದಿಗೆ ನೆನಪಿದೆ? ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ. ಅಂಗೈ ಅಂಗಾಲಿನ ಚರ್ಮ ಗಂಟುಗಟ್ಟಿ ಒರಟಾದ ಮೇಲೆಯೇ ಅದು ಕಣ್ಣಿಗೆ ಕಾಣುವುದು. ಅಷ್ಟು ಹೊತ್ತಿಗೆ ವರ್ಷಗಳು ಕಳೆದಿರುತ್ತವೆ.

ಉಪನ್ಯಾಸಕರು ಹೆಸರಿಸಿದ ಪ್ರದೀಪ್ ಅವರು ಕಬ್ಬಿಣದ ಸೂಕ್ಷ್ಮ ಸಂಯುಕ್ತದಿಂದ ಆರ್ಸೆನಿಕ್ ಹೀರುವ “ಅಮೃತ್” ಎಂಬ ಶುದ್ಧೀಕರಣ ವ್ಯವಸ್ಥೆಯನ್ನೂ ರೂಪಿಸಿದ್ದಾರೆ. ಇದು ಆರೋಗ್ಯದ ಕೆಲಸವಲ್ಲವೇ? ಬಾವಿಯ ಕಟ್ಟೆಯ ಮೇಲೆ ನಿಂತು, ಹತ್ತನೆಯ ತರಗತಿಯ ಹುಡುಗಿಯೂ ಅದ್ದಿ ನೋಡಬಹುದಾದ ಒಂದು ಪಟ್ಟಿಯನ್ನು ಯಾರಾದರೂ ಮಾಡಿದರೆ, ಅದು ಕ್ಯಾನ್ಸರ್ ಔಷಧಕ್ಕಿಂತ ಚಿಕ್ಕ ಸಂಶೋಧನೆ ಎಂದು ನನಗೆ ಅನಿಸುವುದಿಲ್ಲ. ಬೀದರಿನ ಕೋಟೆಯ ಮಣ್ಣಿನಿಂದ ಬಿದ್ರಿ ಪಾತ್ರೆಯ ಸತು ಮಾತ್ರ ಕಪ್ಪಾಗಿ, ಬೆಳ್ಳಿ ಹಾಗೆಯೇ ಹೊಳೆಯುತ್ತ ಉಳಿಯುವುದನ್ನು ನಮ್ಮವರು ಕಂಡುಕೊಂಡದ್ದೂ ಯಾವುದೇ ಯಂತ್ರವಿಲ್ಲದೆ. ಇದು ವಿಷಯಾಂತರವಾಯಿತು, ಇಲ್ಲಿಗೇ ಬಿಡುತ್ತೇನೆ.

ಬೀದರಿನವಳು, ಈಗ ಹೊರದೇಶದಲ್ಲಿ:

ಶಿಕ್ಷಕರ ಮಾತು ಸರಿಯಾಗಿದೆ, ತಿದ್ದಿಕೊಳ್ಳುತ್ತೇನೆ. ಬಿದ್ರಿಯ ವಿಷಯ ನೀವು ಬಿಟ್ಟರೂ ನಾನು ಬಿಡಲಾರೆ, ನಮ್ಮ ಓಣಿಯಲ್ಲಿ ಆ ಮಣ್ಣನ್ನು ನಾಲಿಗೆಯ ಮೇಲಿಟ್ಟು ಗುಣ ನೋಡುತ್ತಿದ್ದ ಕುಶಲಕರ್ಮಿಗಳನ್ನು ಕಂಡವಳು. ಅದು ಮೇಲ್ಮೈ ರಸಾಯನಶಾಸ್ತ್ರವೇ. ಅದನ್ನು ನ್ಯಾನೋ ಎಂದು ಕರೆದು ಅನುದಾನ ಕೇಳುವವರು ಬರದಿರಲಿ.

ಔಷಧ ಸಾಗಿಸುವ ಕಣಗಳ ಬಗ್ಗೆಯೂ ಭ್ರಮೆ ಬೇಡ ಎಂದು ಒಂದು ಸಂಗತಿ ಹೇಳುತ್ತೇನೆ. ಗಡ್ಡೆಯ ರಕ್ತನಾಳಗಳು ಸೋರುವುದರಿಂದ ದೊಡ್ಡ ಅಣುಗಳು ಅಲ್ಲಿಯೇ ಸೇರಿಕೊಳ್ಳುತ್ತವೆ ಎಂದು ಜಪಾನಿನ ಮತ್ಸುಮುರಾ ಮತ್ತು ಮಾಯೆದಾ 1986ರಲ್ಲಿ ತೋರಿಸಿದರು. ಅದನ್ನೇ ನಂಬಿ ಮೂವತ್ತು ವರ್ಷ ಸಾವಿರಾರು ಮಂದಿ ಕೆಲಸ ಮಾಡಿದರು. 2016ರಲ್ಲಿ ಟೊರೊಂಟೊದ ವಾರೆನ್ ಚಾನ್ ಅವರ ತಂಡ ಹಿಂದಿನ ಹತ್ತು ವರ್ಷಗಳ ಪ್ರಬಂಧಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆಗೆ ತಲುಪುವುದು ಮಧ್ಯಕ ಲೆಕ್ಕದಲ್ಲಿ 0.7 ಪ್ರತಿಶತ ಮಾತ್ರ ಎಂದು ಕಂಡಿತು. ಬಹಳಷ್ಟನ್ನು ಯಕೃತ್ತು ಮತ್ತು ಗುಲ್ಮ ಹಿಡಿದಿಟ್ಟುಕೊಳ್ಳುತ್ತವೆ. ಆ ಲೆಕ್ಕವನ್ನು ಪ್ರಶ್ನಿಸಿದವರೂ ಇದ್ದಾರೆ. ನನ್ನ ಈಗಿನ ಕೆಲಸ ಆ ಯಕೃತ್ತಿನದೇ: ರಕ್ತಕ್ಕೆ ಬಿದ್ದ ಕಣದ ಮೈಗೆ ಮೊದಲು ಅಂಟಿಕೊಳ್ಳುವ ಪ್ರೋಟೀನುಗಳು ಯಾವುವು, ಅವುಗಳನ್ನು ನೋಡಿ ಯಕೃತ್ತಿನ ಕೋಶಗಳು ಹೇಗೆ ಗುರುತು ಹಿಡಿಯುತ್ತವೆ ಎಂಬುದು. ಜೀವರಸಾಯನಶಾಸ್ತ್ರ ಓದಿದವರೇ ಇದಕ್ಕೆ ಬೇಕು. ನಾನು ಭೌತಶಾಸ್ತ್ರದಿಂದ ಬಂದವಳಾದ್ದರಿಂದ ಪ್ರೋಟೀನ್ ಬೇರ್ಪಡಿಸುವುದನ್ನು ಮೂವತ್ತನೆಯ ವಯಸ್ಸಿನಲ್ಲಿ ಕಲಿತೆ.

ವಿದ್ಯಾರ್ಥಿನಿಗೆ ಒಂದು ಉಪಾಯ. ಯಾವುದೇ ಪ್ರಯೋಗಾಲಯಕ್ಕೆ ಬರೆಯುವಾಗ “ನನಗೆ ನ್ಯಾನೋದಲ್ಲಿ ಅಪಾರ ಆಸಕ್ತಿ” ಎಂದು ಬರೆಯಬೇಡಿ. ಅವರ ಒಂದೇ ಒಂದು ಪ್ರಬಂಧವನ್ನು ಓದಿ, ಅದರ ಮೂರನೆಯ ಚಿತ್ರದಲ್ಲಿ ನಿಮಗೆ ಅರ್ಥವಾಗದ್ದನ್ನು ಕೇಳಿ. ನನಗೆ ಬರುವ ಪತ್ರಗಳಲ್ಲಿ ಉತ್ತರ ಬರೆಯುವುದು ಅಂಥವಕ್ಕೆ ಮಾತ್ರ. ಮತ್ತು ಬೆಂಗಳೂರನ್ನೇ ನೋಡಬೇಡಿ. ಜೀವಕೋಶಗಳ ಸಂಶೋಧನೆಯ ಸಿಸಿಎಂಬಿ, ರಾಸಾಯನಿಕ ತಂತ್ರಜ್ಞಾನದ ಐಐಸಿಟಿ, ಸಂಗಾರೆಡ್ಡಿ ಬಳಿಯ ಕಂದಿಯ ಐಐಟಿ, ಎಲ್ಲವೂ ಹೈದರಾಬಾದಿನ ಕಡೆ ಇವೆ. ನಮ್ಮ ಮೂರು ಜಿಲ್ಲೆಗಳಿಗೆ ಅದೇ ಹತ್ತಿರ.

ಚಿಂಚೋಳಿಯ ವಿದ್ಯಾರ್ಥಿನಿ:

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ನಡುವೆ ಪರೀಕ್ಷೆಗಳಿದ್ದವು. ಪ್ರಾಜೆಕ್ಟಿಗೆ ನಾನು ಬರೆದುಕೊಡಬೇಕೆಂದಿದ್ದ ಶೀರ್ಷಿಕೆ ಬೇವಿನ ಎಲೆ ಮತ್ತು ಬೆಳ್ಳಿಯದೇ ಆಗಿತ್ತು. ಗೈಡ್ ಸರ್ ಅವರೊಡನೆ ಮಾತಾಡಿದೆ. ಬೆಳ್ಳಿ ಬೇಡ, ಚಿನ್ನದ ಕಣ ಮಾಡಿ ಅದಕ್ಕೆ ರಕ್ತರಸದ ಆಲ್ಬುಮಿನ್ ಎಂಬ ಪ್ರೋಟೀನು ಎಷ್ಟು ಅಂಟುತ್ತದೆ, ಅಂಟಿದ ಮೇಲೆ ಬಣ್ಣ ಎಷ್ಟು ಸರಿಯುತ್ತದೆ ಎಂದು ಅಳೆಯೋಣ ಎಂದು ಒಪ್ಪಿದ್ದಾರೆ. ಅದಕ್ಕೆ ದ್ರಾವಣ ಹೀರುವ ಬೆಳಕನ್ನು ಅಳೆಯುವ, ನಮ್ಮ ವಿಭಾಗದಲ್ಲಿರುವ ಸ್ಪೆಕ್ಟ್ರೋಫೋಟೋಮೀಟರ್ ಸಾಕು. ಆಲ್ಬುಮಿನ್ ಇಲ್ಲದ ಒಂದು ನಳಿಕೆಯನ್ನೂ, ಚಿನ್ನವಿಲ್ಲದ ಒಂದು ನಳಿಕೆಯನ್ನೂ ಇಡುತ್ತೇವೆ ಎಂದು ಮೊದಲ ಪುಟದಲ್ಲಿಯೇ ಬರೆದಿದ್ದೇನೆ.

ಅಕ್ಕನವರು ಹೇಳಿದಂತೆ ಮೂರು ಕಡೆ ಪತ್ರ ಬರೆದೆ. ಎರಡಕ್ಕೆ ಉತ್ತರವಿಲ್ಲ. ಹೈದರಾಬಾದಿನ ಕಡೆಯ ಒಂದು ಪ್ರಯೋಗಾಲಯದವರು ಬೇಸಿಗೆಯಲ್ಲಿ ಎರಡು ತಿಂಗಳು ಬಂದು ಕಲಿಯಬಹುದು, ಆದರೆ ಶಿಷ್ಯವೇತನವಿಲ್ಲ, ವಸತಿಯನ್ನು ನೀವೇ ನೋಡಿಕೊಳ್ಳಬೇಕು ಎಂದಿದ್ದಾರೆ. ದೊಡ್ಡಮ್ಮನಿಗೆ ಆ ಕೆಂಪು ಗೆರೆಯ ಪಟ್ಟಿಯ ಕತೆ ಹೇಳಿದೆ. “ಹಂಗಾದರ ಮಾಸ್ತರಕಿಯೂ ಅಲ್ಲ, ಡಾಕ್ಟರಕಿಯೂ ಅಲ್ಲ” ಎಂದು ಸುಮ್ಮನಾದರು. ಸಂಗಾರೆಡ್ಡಿಯಲ್ಲಿ ಹೆಣ್ಣುಮಕ್ಕಳಿಗೆ ಕಡಿಮೆ ಬಾಡಿಗೆಯ ಹಾಸ್ಟೆಲ್ ಯಾರಿಗಾದರೂ ಗೊತ್ತಿದೆಯೇ?

ಹುಮನಾಬಾದಿನವನು, ಹೈದರಾಬಾದಿನ ಔಷಧ ಕಂಪನಿಯಲ್ಲಿ:

ನಮ್ಮ ವಿಭಾಗದ ಇಬ್ಬರು ಹೆಣ್ಣುಮಕ್ಕಳು ಸಂಗಾರೆಡ್ಡಿಯಲ್ಲಿಯೇ ಇದ್ದಾರೆ, ನಾಳೆ ವಿಚಾರಿಸಿ ಇಲ್ಲಿಯೇ ಬರೆಯುತ್ತೇನೆ ತಂಗಿ. ಬರುವಾಗ ತಾಂಡೂರಿನ ಕಡೆಯಿಂದ ಬರಬೇಡಿ. ಹುಮನಾಬಾದ್, ಜಹೀರಾಬಾದ್ ಮೇಲೆ ಹೋಗುವ ಹೈದರಾಬಾದ್ ಬಸ್ಸು ಹಿಡಿಯಿರಿ. ಎಕ್ಸ್‌ಪ್ರೆಸ್ಸಿನವರು ಎಲ್ಲ ಕಡೆ ನಿಲ್ಲಿಸುವುದಿಲ್ಲ, ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿಬಿಡಿ.